ತಿರುಗಿಸುವ ಬಿರಿ

ಕಳೆದ ದಸರಾ ರಜೆಯಲ್ಲಿ ನಾಲ್ಕು ದಿನಗಳ ಮಟ್ಟಿಗೆ ತೀರ್ಥಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಓದುವುದಕ್ಕೆಂದು ಪುಸ್ತಕಗಳ ದೊಡ್ಡ ಗಂಟೊಂದನ್ನು ಹೊತ್ತೊಯ್ದಿದ್ದೆನಾದರೂ, ಅಧ್ಯಾಪಕರು ರಜೆಗೆ ಕಟ್ಟುವ ಗಂಟುಗಳಿಗೆಲ್ಲ ಆಗುವ ಗತಿಯೇ ಅದಕ್ಕೂ ಆಯಿತು. ಬಿಚ್ಚದೆಯೇ ಮರಳಿ ಬಂದಿತು. ಅದಕ್ಕೆ ಕಾರಣ ನನ್ನ ಸೋದರಳಿಯ.

ಅವನಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಕಾರು ಕಲಿಯುವವರಿಗೆ ಕೊಡುವ ಲೈಸೆನ್ಸು ಕಿಸೆಗೆ ಬಂದಿತ್ತು. ಆದರೆ ಹುಡುಗನ ಧ್ಯಾನವೆಲ್ಲ ಬೇರೊಂದು ಕಾರಿನ ಮೇಲೆ. ಅವನ ಕೋಣೆಯ ಮೇಜಿನ ಅಂಚಿಗೆ ಒಂದು ಸ್ಟೀರಿಂಗನ್ನು ತಿರುಪುಗಳಿಂದ ಬಿಗಿಯಲಾಗಿತ್ತು. ಕೆಳಗೆ ನೆಲದ ಮೇಲೆ ಮೂರು ಪೆಡಲುಗಳು. ಎಡಗಡೆಗೆ ಗೇಣುದ್ದದ ಒಂದು ಕಬ್ಬಿಣದ ಕೈಹಿಡಿ. ಎದುರಿಗೆ ಕಂಪ್ಯೂಟರಿನ ತೆರೆ. ಸ್ನೇಹಿತನೊಬ್ಬನಿಂದ ಹಳೆಯ ಬೆಲೆಗೆ ಕೊಂಡು ತಂದುದಂತೆ. ಜಗಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತಿದ್ದ ಭಾವನವರು, “ಕಾರು ಓಡಿಸುವುದನ್ನು ಕಲಿಯೋ ಎಂದರೆ ಕುರ್ಚಿ ಓಡಿಸುತ್ತಿದ್ದಾನೆ. ಅದನ್ನು ಎತ್ತಿ ಹೊಳೆಗೆ ಹಾಕಬೇಕೆಂದಿದ್ದೇನೆ. ನೀವಾದರೂ ನಾಲ್ಕು ದಿನ ಅವನನ್ನು ನಿಜವಾದ ರಸ್ತೆಗೆ ಕರೆದುಕೊಂಡು ಹೋಗಿ” ಎಂದರು. ನಾನು ಒಪ್ಪಿದೆ. ಆದರೆ ಹುಡುಗ ಒಂದು ಕರಾರು ಹಾಕಿದ: ಮೊದಲು ನಾನು ಅವನ ಕುರ್ಚಿಯಲ್ಲಿ ಕುಳಿತು ಒಮ್ಮೆ ಓಡಿಸಿ ತೋರಿಸಬೇಕು.

ಆಟದ ಹೆಸರು ‘ಡರ್ಟ್ ರ‍್ಯಾಲಿ’. ಇಂಗ್ಲೆಂಡಿನ ಕೋಡ್‌ಮಾಸ್ಟರ್ಸ್ ಎಂಬ ಸಂಸ್ಥೆಯವರು ೨೦೧೫ರಲ್ಲಿ ಹೊರತಂದುದು. ನನಗೆ ಕೊಟ್ಟ ಕಾರು ೧೯೬೦ರ ದಶಕದ ಪುಟ್ಟ ಮಿನಿ ಕೂಪರ್. ರಸ್ತೆಯಾದರೋ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ ತೂರಿನಿ ಎಂಬ ಕಣಿವೆಯ ಹಿಮ ಬಿದ್ದ ದಾರಿ. ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ನಿಜವಾಗಿಯೂ ಇಳಿದು ಹತ್ತಿದವನು ನಾನು. ಈ ಚಿತ್ರದ ಬೆಟ್ಟ ಯಾವ ಲೆಕ್ಕವೆಂದು ಹೊರಟೆ. ಮೊದಲನೆಯ ಹೇರ್‌ಪಿನ್ನಿನಲ್ಲಿ ಬಂಡೆಗೆ ಬಡಿದೆ. ಎರಡನೆಯದರಲ್ಲಿ ಮರಕ್ಕೆ. ಮೂರನೆಯದರಲ್ಲಿ ರಸ್ತೆಯನ್ನೇ ಬಿಟ್ಟು ಪ್ರಪಾತಕ್ಕೆ. ಸ್ಟೀರಿಂಗನ್ನು ಕೊನೆಯವರೆಗೂ ತಿರುಗಿಸಿದರೂ ಕಾರು ಹಟಮಾರಿ ಎತ್ತಿನಂತೆ ನೇರವಾಗಿಯೇ ಹೋಗುತ್ತಿತ್ತು.

“ಮಾವ, ಅದನ್ನು ಎಳೀಬೇಕು” ಎಂದು ಹುಡುಗ ಆ ಕಬ್ಬಿಣದ ಕೈಹಿಡಿಯನ್ನು ತೋರಿಸಿದ.

ಹ್ಯಾಂಡ್ ಬ್ರೇಕು! ಬ್ರೇಕಿಗೆ ಬಿರಿ ಎನ್ನುವ ರೂಢಿ ಕನ್ನಡದಲ್ಲಿ ಉಂಟು. ಆ ಚಿಕ್ಕ ಮಾತಿನ ಮೇಲೆ ನನಗೊಂದು ಪಕ್ಷಪಾತವೂ ಉಂಟು. ಆದುದರಿಂದ ಇದನ್ನು ಕೈಬಿರಿ ಎಂದು ಕರೆಯಲು ವಾಚಕರು ಅಪ್ಪಣೆ ಕೊಡಬೇಕು. ಮನೆಯ ಕಾರಿನಲ್ಲಿ ಕೈಬಿರಿಗೆ ಇರುವುದು ಕಾವಲುಗಾರನ ಕೆಲಸ. ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಎಳೆದರೆ, ಉಕ್ಕಿನ ತಂತಿಯೊಂದು ಹಿಂದಿನ ಎರಡು ಗಾಲಿಗಳನ್ನು ಹಿಡಿದುಕೊಳ್ಳುತ್ತದೆ. ನಿಂತ ಕಾರನ್ನು ನಿಂತಲ್ಲಿಯೇ ಇರಿಸುವುದಷ್ಟೇ ಅದರ ಧರ್ಮ. ಆಟದ ಕಾರಿನಲ್ಲಿಯಾದರೋ ಇದೇ ಕೈಬಿರಿ, ಓಡುವ ಕಾರನ್ನು ತಿರುಗಿಸುವ ಸಾಧನ. ಹೆಸರು ಬಿರಿ, ಕೆಲಸ ಚುಕ್ಕಾಣಿಯದು. ಈ ಹೆಸರು ಕೆಲಸಗಳ ನಡುವಣ ಅಂತರವನ್ನು ಸರಿಯಾಗಿ ತಿಳಿಯದೆ ಹೋದುದರಿಂದಲೇ ನಾನು ಮೂರು ಸಲ ಬಿದ್ದುದು. ಅನಂತರ ನಡೆದ ಒಂದು ಪ್ರಸಂಗಕ್ಕೂ ಮೂಲ ಅದೇ. ಅದನ್ನು ಮುಂದೆ ಹೇಳುತ್ತೇನೆ.

ಚಿಕ್ಕಂದಿನಲ್ಲಿ ಸೈಕಲ್ ತುಳಿದವರಿಗೆ ಇದರ ಮರ್ಮ ವಿವರಿಸುವುದು ಕಷ್ಟವಲ್ಲ. ಜಲ್ಲಿ ಮಣ್ಣಿನ ಮೈದಾನದಲ್ಲಿ ಜೋರಾಗಿ ಬಂದು, ಹ್ಯಾಂಡಲನ್ನು ಕೊಂಚ ವಾಲಿಸಿ, ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಏನಾಗುತ್ತಿತ್ತು? ಹಿಂದಿನ ಚಕ್ರ ಸರ‍್ರನೆ ಜಾರಿ, ಮಣ್ಣಿನಲ್ಲಿ ಅರ್ಧಚಂದ್ರಾಕಾರದ ಗೀರು ಬಿದ್ದು, ಸೈಕಲ್ಲು ಬಂದ ದಾರಿಗೆ ಅಡ್ಡವಾಗಿ ನಿಲ್ಲುತ್ತಿತ್ತು. ಚಡ್ಡಿಯ ಕಾಲದ ಆ ಪೌರುಷವೇ ಇಲ್ಲಿ ನಾಲ್ಕು ಗಾಲಿಗಳ ಮೇಲೆ ಬಂದು ಕುಳಿತಿದೆ.

ಕಾರಣವೂ ಸರಳವೇ. ಉರುಳುವ ಗಾಲಿಯಲ್ಲಿ ನೆಲವನ್ನು ಮುಟ್ಟಿರುವ ಭಾಗ, ಮುಟ್ಟಿರುವ ಆ ಕ್ಷಣದ ಮಟ್ಟಿಗೆ, ನೆಲದ ಮೇಲೆ ನಿಶ್ಚಲವಾಗಿರುತ್ತದೆ. ನಡೆಯುವವನ ಊರಿದ ಪಾದದಂತೆ. ಊರಿದ ಪಾದ ಪಕ್ಕಕ್ಕೆ ಜಾರುವುದಿಲ್ಲ. ಗಾಲಿಯನ್ನು ಬಿರಿಯಿಂದ ಪೂರ್ತಿ ಕಟ್ಟಿಬಿಟ್ಟಿರಾದರೆ ಅದು ಪಾದವಲ್ಲ, ಎಣ್ಣೆ ಬಿದ್ದ ನೆಲದ ಮೇಲಿನ ಮಣೆ. ಮುಂದಕ್ಕೆ ಜಾರುವ ಮಣೆಗೆ ಪಕ್ಕದಿಂದ ಒಂದು ಬೆರಳು ತಾಗಿಸಿದರೂ ಅದು ಆ ಕಡೆಗೆ ಸರಿಯುತ್ತದೆ. ನೆಲವನ್ನು ಕಚ್ಚುವ ಶಕ್ತಿ ರಬ್ಬರಿಗೆ ಒಂದು ಮಿತಿಯವರೆಗೆ ಮಾತ್ರವುಂಟು. ಅದಷ್ಟನ್ನೂ ತಡೆಯುವುದಕ್ಕೇ ವೆಚ್ಚಮಾಡಿದ ಮೇಲೆ ಪಕ್ಕದ ಹಿಡಿತಕ್ಕೆ ಏನು ಉಳಿಯಬೇಕು? ಹೀಗೆ ಹಿಂದಿನ ಗಾಲಿಗಳು ಹಿಡಿತ ಬಿಟ್ಟಿವೆ, ಮುಂದಿನವು ಉರುಳುತ್ತ ತಿರುವಿನೊಳಕ್ಕೆ ಎಳೆಯುತ್ತಿವೆ. ಕಾರಿನ ಬಾಲ ಹೊರಕ್ಕೆ ಬೀಸುತ್ತದೆ, ಮೂತಿ ಒಳಕ್ಕೆ ತಿರುಗುತ್ತದೆ.

ತಡೆಯುವುದಕ್ಕೆ ಈ ಬಿರಿ ಎಷ್ಟು ದುರ್ಬಲವೆಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಗಂಟೆಗೆ ೬೦ ಕಿಲೋಮೀಟರ್ ವೇಗದ ಕಾರು, ಒಣಗಿದ ಡಾಂಬರು ರಸ್ತೆಯಲ್ಲಿ ನಾಲ್ಕು ಗಾಲಿಗಳ ಬಿರಿಯಿಂದ ಸುಮಾರು ೨೦ ಮೀಟರಿನೊಳಗೆ ನಿಲ್ಲಬಲ್ಲುದು. ಚಾಲಕನು ಎಚ್ಚರಗೊಳ್ಳುವ ಹೊತ್ತು ಇದಕ್ಕೆ ಹೊರತು. ಹಿಂದಿನ ಎರಡೇ ಗಾಲಿಗಳನ್ನು ಕಟ್ಟಿದರೆ ೫೦, ೬೦ ಮೀಟರು ಬೇಕಾದೀತು. ಏಕೆಂದರೆ ಎಂಜಿನ್ನಿನ ಭಾರವೆಲ್ಲ ಮುಂದಿದೆ. ವೇಗ ತಗ್ಗುವಾಗ ಇದ್ದ ಭಾರವೂ ಮುಂದಕ್ಕೇ ಮಗುಚುತ್ತದೆ. ಹಗುರವಾದ ಹಿಂಗಾಲಿಗಳು ನೆಲವನ್ನು ಎಷ್ಟೆಂದು ಕಚ್ಚಿಯಾವು?

ಇಷ್ಟು ತಿಳಿದ ಮೇಲೆ ಹುಡುಗನು ನನಗೆ ಪಾಠ ಆರಂಭಿಸಿದ. ಗುರುವಾಗಿ ಅವನು ಬಲು ಕಟ್ಟುನಿಟ್ಟು. ಮೊದಲು ರಸ್ತೆ ನೇರವಾಗಿರುವಾಗಲೇ ಕಾಲಿನ ಬಿರಿಯಿಂದ ವೇಗವನ್ನು ಇಳಿಸಬೇಕು. ಇದನ್ನು ಕೈಬಿರಿಗೆ ಬಿಡುವವನು ಬಂಡೆಗೆ ನೆಂಟ. ಗೇರು ಮೊದಲನೆಯದಕ್ಕೋ ಎರಡನೆಯದಕ್ಕೋ ಬರಬೇಕು. ಅನಂತರ ಸ್ಟೀರಿಂಗು ತಿರುಗಿಸಿ, ಮುಂದಿನ ಗಾಲಿಗಳು ತಿರುವಿನ ಕಡೆಗೆ ಕಚ್ಚಿದುವೆಂದು ಕೈಗೆ ತಿಳಿಯುವವರೆಗೆ ಕಾಯಬೇಕು. ಕಾಯುವುದೆಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ನಾನು ತಪ್ಪುತ್ತಿದ್ದುದು ಇಲ್ಲಿಯೇ. ಸ್ಟೀರಿಂಗು ತಿರುಗುವ ಮುನ್ನವೇ ಕೈಬಿರಿ ಎಳೆದರೆ ಕಾರಿಗೆ ಯಾವ ಕಡೆಗೆ ತಿರುಗಬೇಕೆಂಬುದೇ ತಿಳಿಯದು. ನೇರವಾಗಿ ಜಾರಿಕೊಂಡು ಹೋಗುತ್ತದೆ. ಕಚ್ಚಿದ ಮೇಲೆ ಕ್ಲಚ್ಚನ್ನು ಒತ್ತಿ, ಕೈಬಿರಿಯನ್ನು ಒಮ್ಮೆ ಸೆಳೆದು, ಬಿಟ್ಟುಬಿಡಬೇಕು.

“ಎಳೆಯೋದಕ್ಕಿಂತ ಬಿಡೋದೇ ಮುಖ್ಯ ಮಾವ” ಎಂದ. ನಿಜ. ಅರ್ಧ ಕ್ಷಣ ಹೆಚ್ಚಾದರೆ ಕಾರು ಬೇಕಾದುದಕ್ಕಿಂತ ಹೆಚ್ಚು ತಿರುಗಿ, ಬಂದ ದಾರಿಯನ್ನೇ ನೋಡುತ್ತ ನಿಲ್ಲುತ್ತದೆ. ಬಾಲ ಬೀಸತೊಡಗಿತೋ, ಸ್ಟೀರಿಂಗನ್ನು ಬಾಲ ಹೋಗುವ ಕಡೆಗೇ ಹಿಂದಿರುಗಿಸಿ, ವೇಗದ ಪೆಡಲನ್ನು ಒತ್ತಬೇಕು. ಮಿನಿಯಲ್ಲಿ ಎಂಜಿನ್ನು ಓಡಿಸುವುದು ಮುಂದಿನ ಗಾಲಿಗಳನ್ನು. ಅವು ಕಾರನ್ನು ಮೂಗುದಾರ ಹಿಡಿದಂತೆ ತಿರುವಿನಿಂದ ಹೊರಕ್ಕೆ ಎಳೆದುಕೊಂಡು ಹೋಗುತ್ತವೆ. ಹನ್ನೊಂದನೆಯ ಯತ್ನದಲ್ಲಿ ನನಗೆ ಒಂದು ತಿರುವು ಸರಿಯಾಗಿ ಒಲಿಯಿತು. ಆ ಸಂತೋಷವನ್ನು ಬರೆದು ತಿಳಿಸಲಾರೆ. ಅಕ್ಕ ಅಡಿಗೆಮನೆಯಿಂದ ಓಡಿ ಬಂದಳೆಂದರೆ ನಾನು ಕೂಗಿದ ಕೂಗನ್ನು ವಾಚಕರೇ ಊಹಿಸಿಕೊಳ್ಳಲಿ.

ಆಟದ ಕಾರುಗಳ ಪರಿಚಯ ನನಗೆ ಹೊಸದೇನಲ್ಲ. ಮೈಸೂರಿನಲ್ಲಿ ಹೈಸ್ಕೂಲು ಓದುತ್ತಿದ್ದಾಗ, ನಮ್ಮ ಬೀದಿಯ ಮೂಲೆಯ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ತೆತ್ತು ‘ನೀಡ್ ಫಾರ್ ಸ್ಪೀಡ್’ ಆಡಿದ ಪಾಪ ನನ್ನ ತಲೆಯ ಮೇಲೂ ಇದೆ. ಆಗ ಕೈಬಿರಿಯೆಂದರೆ ಕೀಲಿಮಣೆಯ ಅತ್ಯಂತ ಉದ್ದದ ಕೀಲಿ, ಸ್ಪೇಸ್ ಬಾರು. ಅದಕ್ಕೂ ಹಿಂದೆ, ೧೯೮೨ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆ ತಂದ ‘ಪೋಲ್ ಪೊಸಿಷನ್’ ಮುಂತಾದ ಆಟಗಳಲ್ಲಿ ಇಂಥ ಕುಶಲತೆಗೆ ಎಡೆಯಿರಲಿಲ್ಲ. ಓಡು, ತಪ್ಪಿಸಿಕೋ, ಇಷ್ಟೇ.

ಕೈಬಿರಿಯನ್ನು ಹುಡುಗರ ಬಾಯಲ್ಲಿ ಮನೆಮಾತಾಗಿ ಮಾಡಿದ ಆಟಗಳ ಪೈಕಿ ಒಂದನ್ನು ಮರೆಯುವಂತೆಯೇ ಇಲ್ಲ. ಅದು ‘ಡ್ರೈವರ್’. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ರಿಫ್ಲೆಕ್ಷನ್ಸ್ ಎಂಬ ಸಂಸ್ಥೆಯವರು ೧೯೯೯ರಲ್ಲಿ ರಚಿಸಿದರು. ಕಥಾನಾಯಕ ವೇಷ ಮರೆಸಿಕೊಂಡ ಪೊಲೀಸ್ ಅಧಿಕಾರಿ. ಕಳ್ಳರ ಗುಂಪಿಗೆ ಚಾಲಕನಾಗಿ ಸೇರಬೇಕಾದರೆ ಅವರ ಮುಂದೆ ಪರೀಕ್ಷೆ ಕೊಡಬೇಕು. ಪರೀಕ್ಷಾ ಮಂದಿರವೋ ಕಂಬಗಳಿಂದ ತುಂಬಿದ ಒಂದು ಕಾರು ನಿಲ್ದಾಣ. ಅರವತ್ತು ಸೆಕೆಂಡುಗಳ ಅವಧಿ. ಅಷ್ಟರೊಳಗೆ ಕೈಬಿರಿಯ ತಿರುವು, ಅರ್ಧ ಸುತ್ತು, ಪೂರ್ಣ ಸುತ್ತು, ಹಿಮ್ಮುಖವಾಗಿ ಓಡುತ್ತಲೇ ಹೊರಳಿ ಮುಮ್ಮುಖವಾಗುವುದು, ಕಂಬಗಳ ನಡುವೆ ಹಾವಿನಂತೆ ನುಸುಳುವುದು, ಇನ್ನೂ ಹಲವು ವಿದ್ಯೆಗಳನ್ನು ತೋರಿಸಿ ಮುಗಿಸಬೇಕು. ಆಟದ ಉಳಿದ ಭಾಗಕ್ಕೆ ಇದೇ ಬಾಗಿಲು. ಇದರಲ್ಲಿ ತೇರ್ಗಡೆಯಾಗದವನಿಗೆ ಮುಂದಿನ ಕಥೆಯೇ ಇಲ್ಲ. ದುಡ್ಡು ಕೊಟ್ಟು ತಂದ ಆಟದ ಮೊದಲ ಪುಟದಲ್ಲಿಯೇ ಸಿಕ್ಕಿಬಿದ್ದು ಅದನ್ನು ಮೂಲೆಗೆಸೆದ ಹುಡುಗರು ಲೋಕದಲ್ಲೆಲ್ಲ ಇದ್ದರು. ನಾನೂ ಅವರಲ್ಲೊಬ್ಬ. ಕಾಲೇಜಿನಲ್ಲಿ ಪರೀಕ್ಷಕನ ಕುರ್ಚಿಯಲ್ಲಿ ಕುಳಿತಾಗ ಆ ಕಾರು ನಿಲ್ದಾಣ ಒಮ್ಮೊಮ್ಮೆ ನೆನಪಾಗುವುದುಂಟು. ಈ ದೃಶ್ಯಕ್ಕೂ ಒಂದು ವಂಶಾವಳಿಯಿದೆ. ವಾಲ್ಟರ್ ಹಿಲ್ ನಿರ್ದೇಶಿಸಿದ ೧೯೭೮ರ ‘ದಿ ಡ್ರೈವರ್’ ಚಿತ್ರದಲ್ಲಿ, ತನ್ನ ಕೈಚಳಕವನ್ನು ಸಂಶಯಿಸಿದ ಕಳ್ಳರನ್ನು ಕೂರಿಸಿಕೊಂಡು, ನಾಯಕನು ಅವರದೇ ಮರ್ಸಿಡಿಸ್ ಕಾರನ್ನು ಇಂಥದೇ ನಿಲ್ದಾಣದ ಕಂಬಗಳಿಗೆ ಉಜ್ಜಿ ಉಜ್ಜಿ ಗುಜರಿ ಮಾಡುತ್ತಾನೆ.

ಹಾಗೆ ನೋಡಿದರೆ, ಒಂದು ಆಟ ಕೈಬಿರಿಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಿಂದಲೇ ಅದರ ಯೋಗ್ಯತೆಯನ್ನು ಅಳೆಯಬಹುದೆಂದು ನನಗೆ ತೋರುತ್ತದೆ. ಕೆಲವು ಆಟಗಳಲ್ಲಿ ಅದು ಮಂತ್ರದಂಡ. ಗಂಟೆಗೆ ಇನ್ನೂರು ಕಿಲೋಮೀಟರು ವೇಗದಲ್ಲಿ ಬಂದು ಗುಂಡಿಯೊತ್ತಿದರೂ ಕಾರು ಬೆಣ್ಣೆಯ ಮೇಲಿನಂತೆ ತೇಲಿ ತಿರುವು ದಾಟುತ್ತದೆ. ೨೦೦೧ರಲ್ಲಿ ಬಂದ ‘ಪ್ರಾಜೆಕ್ಟ್ ಗಾಥಮ್ ರೇಸಿಂಗ್’ ಎಂಬ ಆಟದಲ್ಲಿಯಂತೂ ಹೀಗೆ ಸೊಗಸಾಗಿ ಜಾರಿದವನಿಗೆ ಗುಣಾಂಕಗಳೇ ಉಂಟು. ಅದರ ಸೊಗಸನ್ನು ಅಲ್ಲಗಳೆಯುವುದಿಲ್ಲ. ಆದರೆ ಜಾರುವ ಗಾಲಿ ವೇಗವನ್ನು ತಿನ್ನುತ್ತದೆ ಎಂಬುದು ಸತ್ಯ. ಜಪಾನಿನ ಕಝುನೋರಿ ಯಮೌಚಿಯವರು ೧೯೯೭ರಲ್ಲಿ ಆರಂಭಿಸಿದ ‘ಗ್ರ್ಯಾನ್ ಟೂರಿಸ್ಮೊ’ ಮಾಲೆಯಲ್ಲಿ, ಡಾಂಬರಿನ ಪಂದ್ಯದಂಗಳದಲ್ಲಿ ಕೈಬಿರಿ ಎಳೆದವನು ಸಾಮಾನ್ಯವಾಗಿ ಹಿಂದೆ ಬೀಳುತ್ತಾನೆ. ಅಗಲವಾದ ವೇಗದ ತಿರುವುಗಳಿಗೆ ಅದು ಬೇಡ. ಇಕ್ಕಟ್ಟಾದ ಹೇರ್‌ಪಿನ್ನು, ಸಡಿಲವಾದ ನೆಲ, ಮುಂಗಾಲಿಗಳಿಂದ ಓಡುವ ಹಟಮಾರಿ ಕಾರು, ಈ ಮೂರೂ ಕೂಡಿದಲ್ಲಿ ಮಾತ್ರ ಅದರ ನಿಜವಾದ ಬೆಲೆ. ಹುಡುಗನ ಆಟದಲ್ಲಿ ಆರೇಳು ನಿಮಿಷಗಳ ದಾರಿಗೆ ಅವನು ಅದನ್ನು ಎಳೆದುದು ಐದೇ ಸಲ.

ನಿಜವಾದ ಮಿನಿ ಕಾರಿಗೂ ಈ ವಿದ್ಯೆಗೂ ಹಳೆಯ ನಂಟು. ೧೯೫೯ರಲ್ಲಿ ಅಲೆಕ್ ಇಸಿಗೋನಿಸ್ ಎಂಬವರ ಕಲ್ಪನೆಯಿಂದ ಬಡವರ ಮಿತವ್ಯಯದ ವಾಹನವಾಗಿ ಹುಟ್ಟಿದ ಆ ಪುಟ್ಟ ಕಾರು, ೧೯೬೪ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕಿರ್ಕ್ ಅವರ ಕೈಯಲ್ಲಿ ದೈತ್ಯ ಕಾರುಗಳನ್ನು ಸೋಲಿಸಿತು. ಇಂದಿನ ರ‍್ಯಾಲಿ ಕಾರುಗಳಲ್ಲಿ ಕೈಬಿರಿ ಆಸನದ ಬಳಿ ಮಲಗಿರುವುದಿಲ್ಲ. ಸ್ಟೀರಿಂಗಿನ ಪಕ್ಕದಲ್ಲಿಯೇ ನೆಟ್ಟಗೆ ನಿಂತಿರುತ್ತದೆ. ತಂತಿಯ ಬದಲು ದ್ರವದ ಒತ್ತಡದಿಂದ ಗಾಲಿ ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದೊಂದುಂಟು: ಅದಕ್ಕೆ ಹಲ್ಲುಗಳಿಲ್ಲ. ಮನೆಯ ಕಾರಿನ ಕೈಬಿರಿ ಎಳೆದಾಗ ಕಟಕಟನೆ ಸದ್ದಾಗುತ್ತದೆಯಷ್ಟೆ? ಅದು ಹಲ್ಲಿನಿಂದ ಹಲ್ಲಿಗೆ ಹತ್ತಿ ಅಲ್ಲಿಯೇ ಕಚ್ಚಿ ನಿಲ್ಲುವ ಸದ್ದು. ರ‍್ಯಾಲಿಯ ಕೈಬಿರಿ, ಕೈ ಬಿಟ್ಟೊಡನೆ ತಾನೂ ಬಿಡುತ್ತದೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ನಡೆಯುವ ರ‍್ಯಾಲಿಗಳನ್ನು ಕಂಡವರು, ಕೆಮ್ಮಣ್ಣಿನ ಧೂಳಿನ ನಡುವೆ ಬಾಲ ಬೀಸುತ್ತ ತಿರುಗುವ ಕಾರುಗಳನ್ನು ನೋಡಿಯೇ ಇರುತ್ತಾರೆ.

ಹುಡುಗನ ಮೇಜಿಗೆ ಬಿಗಿದಿದ್ದುದೂ ಈ ಎರಡನೆಯ ಜಾತಿಯದು. ಹಲ್ಲುಗಳಿಲ್ಲದ್ದು. ಅದನ್ನು ನಾನು ಆಗಲೇ ಗಮನಿಸಬೇಕಾಗಿತ್ತು.

ಮರುದಿನ ಬೆಳಿಗ್ಗೆ ಭಾವನವರ ಹನ್ನೆರಡು ವರ್ಷದ ಕಾರಿಗೆ ಕೆಂಪು ಅಕ್ಷರದ ಫಲಕ ಕಟ್ಟಿ ಹೊರಟೆವು. ರಾತ್ರಿ ಮಳೆ ಹೊಯ್ದು ಬಿಟ್ಟಿತ್ತು. ಊರಾಚೆಯ ಅಡಕೆ ತೋಟಗಳ ನಡುವಣ ಮಣ್ಣಿನ ರಸ್ತೆ, ಜನಸಂಚಾರವಿಲ್ಲ. ಹುಡುಗ ಕ್ಲಚ್ಚು, ಗೇರುಗಳನ್ನು ಹೊಸಬನಂತೆ ಹಿಡಿಯಲಿಲ್ಲ. ಕುರ್ಚಿಯ ಮೇಲಿನ ಸವಾರಿ ವ್ಯರ್ಥವಲ್ಲವೆಂದು ಮನಸ್ಸಿನಲ್ಲಿಯೇ ಮೆಚ್ಚಿಕೊಂಡೆ. ವೇಗ ಮೂವತ್ತರ ಆಸುಪಾಸು. ಎಡಗಡೆಗೆ ಒಂದು ತಿರುವು. ತಿರುಗುತ್ತಿದ್ದಂತೆಯೇ ಬೇಲಿಯ ಸಂದಿನಿಂದ ಒಂದು ಕರು ರಸ್ತೆಗೆ ನೆಗೆಯಿತು.

ನನ್ನ ಬಲಗಾಲು ಇಲ್ಲದ ಪೆಡಲನ್ನು ತುಳಿಯಿತು. ಅವನ ಕಾಲು ತುಳಿಯಲಿಲ್ಲ. ಅವನ ಎಡಗೈ ಸ್ಟೀರಿಂಗನ್ನು ಬಿಟ್ಟು ಕೆಳಗಿಳಿಯಿತು. ಕಟಕಟಕಟ!

ಬಾಲ ಬಲಕ್ಕೆ ಬೀಸಿತು. ಅವನು ಕೈ ಬಿಟ್ಟ. ಆದರೆ ಕೈಬಿರಿ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ನಿಂತಿತ್ತು. ಸ್ಟೀರಿಂಗನ್ನು ಹಿಂದಿರುಗಿಸಿದ, ಎಂಜಿನ್ನು ನಿಂತುಹೋಗಿತ್ತು. ಕಾರು ಕೆಸರಿನ ಮೇಲೆ ನಿಧಾನವಾಗಿ, ನನಗೆ ಒಂದು ಯುಗವೆನಿಸುವಷ್ಟು ನಿಧಾನವಾಗಿ, ಅಡ್ಡ ತಿರುಗುತ್ತ ಹೋಗಿ, ಹಿಂದಿನ ಬಲಗಾಲಿ ಚರಂಡಿಯ ಅಂಚಿಗೆ ಬಂದಾಗ ನಿಂತಿತು. ಕರು ನಮ್ಮಿಂದ ಎರಡು ಮಾರು ದೂರದಲ್ಲಿ ನಿಂತು, ಅಡ್ಡಲಾಗಿ ನಿಂತ ಕಾರನ್ನು ಬೆರಗಿನಿಂದ ನೋಡಿ, ಹೊರಟುಹೋಯಿತು. ಅದು ಕರುವಾಗಿತ್ತು. ಸೈಕಲ್ಲಿನ ಮೇಲೆ ಶಾಲೆಗೆ ಹೋಗುವ ಮಗುವಾಗಿದ್ದರೆ, ಎದುರಿನಿಂದ ಬಸ್ಸು ಬಂದಿದ್ದರೆ, ಎಂದು ಆ ಹೊತ್ತಿನಲ್ಲಿ ನಾನು ಯೋಚಿಸಲಿಲ್ಲ. ಆ ಯೋಚನೆ ಬಂದುದು ರಾತ್ರಿ, ನಿದ್ರೆಯ ಬದಲಿಗೆ.

ಹುಡುಗನ ಮುಖ ಬಿಳಿಚಿಕೊಂಡಿತ್ತು. “ನಾನು ಎಳೀಲಿಲ್ಲ ಮಾವ, ಕೈ ತಾನೇ ಹೋಯ್ತು” ಎಂದ. ಅವನು ಸುಳ್ಳಾಡುತ್ತಿರಲಿಲ್ಲ. ತಿರುವು ಕಂಡೊಡನೆ ಆ ಕೈ ಎಷ್ಟು ನೂರು ಸಲ ಅದೇ ದಾರಿಯಲ್ಲಿ ಇಳಿದಿತ್ತೋ!

ಅಲ್ಲಿಯೇ, ಚರಂಡಿಯ ಅಂಚಿನಲ್ಲಿ ನಿಂತು, ಹಿಂದಿನ ಸಂಜೆ ಅವನು ನನಗೆ ಹೇಳಿದುದನ್ನೇ ನಾನು ಅವನಿಗೆ ತಿರುಗಿಸಿ ಹೇಳಿದೆ. ಅದು ತಿರುಗಿಸುವ ಬಿರಿ. ನಿಲ್ಲಿಸುವುದು ಕಾಲಿನ ಕೆಳಗಿದೆ. ಹೊಸ ಕಾರುಗಳಲ್ಲಿ ಗಾಲಿ ಪೂರ್ತಿ ಕಟ್ಟಿಹೋಗದಂತೆ ಕಾಯುವ ಎ.ಬಿ.ಎಸ್. ಎಂಬ ವ್ಯವಸ್ಥೆಯಿದೆ, ೨೦೧೯ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಅದು ಕಡ್ಡಾಯವೂ ಆಗಿದೆ. ಅಂಥ ಕಾರಿನಲ್ಲಿ ಕಾಲಿನ ಬಿರಿಯನ್ನು ಎಷ್ಟೇ ಬಲವಾಗಿ ತುಳಿದರೂ ಸ್ಟೀರಿಂಗು ಮಾತು ಕೇಳುತ್ತದೆ. ಆದರೆ ತಂತಿಯಿಂದ ಎಳೆಯುವ ಕೈಬಿರಿಯ ಮೇಲೆ ಆ ಕಾವಲುಗಾರನ ಅಧಿಕಾರ ನಡೆಯುವುದಿಲ್ಲ. ಎಳೆದರೆ ಎಳೆದಂತೆಯೇ. ಉಳಿದ ಮೂರು ದಿನಗಳೂ ನಮ್ಮ ಪಾಠ ಒಂದೇ ಆಗಿತ್ತು: ಖಾಲಿ ಮೈದಾನದಲ್ಲಿ ನಾನು “ಕರು!” ಎಂದು ಕೂಗುವುದು, ಅವನು ಎರಡು ಕೈಗಳನ್ನೂ ಸ್ಟೀರಿಂಗಿನ ಮೇಲಿಟ್ಟು ಕಾಲಿನ ಬಿರಿ ತುಳಿಯುವುದು. ಮೊದಲ ದಿನ ಹತ್ತರಲ್ಲಿ ನಾಲ್ಕು ಸಲ ಕೈ ಇಳಿಯಿತು. ಮೂರನೆಯ ದಿನ ಇಳಿಯಲಿಲ್ಲ.

ಕೈಬಿರಿಯೇ ಈಗ ಕಾರುಗಳಿಂದ ಕಣ್ಮರೆಯಾಗುತ್ತಿದೆ ಎಂಬುದು ಒಂದು ತಮಾಷೆ. ಅನೇಕ ಹೊಸ ಮಾದರಿಗಳಲ್ಲಿ ಅದರ ಜಾಗಕ್ಕೆ ಹೆಬ್ಬೆರಳಿನಷ್ಟು ದೊಡ್ಡ ವಿದ್ಯುತ್ ಗುಂಡಿ ಬಂದಿದೆ. ಓಡುವಾಗ ಅದನ್ನು ಒತ್ತಿ ಹಿಡಿದರೆ ಸಾಮಾನ್ಯವಾಗಿ ಬಾಲ ಬೀಸುವುದಿಲ್ಲ. ಗಣಕವೇ ಲೆಕ್ಕಾಚಾರ ಮಾಡಿ ಕಾರನ್ನು ನೇರವಾಗಿ ನಿಲ್ಲಿಸುತ್ತದೆ. ಇನ್ನು ಇಪ್ಪತ್ತು ವರ್ಷಗಳಲ್ಲಿ, ಕೈಬಿರಿಯನ್ನು ನೋಡಬೇಕೆನ್ನುವವರು ರ‍್ಯಾಲಿಗೋ, ಹುಡುಗರ ಮೇಜಿಗೋ ಹೋಗಬೇಕಾದೀತು.

ಚರಂಡಿಯ ವೃತ್ತಾಂತವನ್ನು ಭಾವನವರಿಂದ ಮುಚ್ಚಿಡಲಿಲ್ಲ. ಹುಡುಗನೇ ಹೇಳಿದ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮೇಜಿನ ಸರಂಜಾಮು ಇನ್ನು ತುಂಗೆಯ ಪಾಲೆಂದೇ ನಾನು ತಿಳಿದೆ. ಆದರೆ ನಾನು ಹೊರಡುವ ಹಿಂದಿನ ಸಂಜೆ ಅವರು ಎದ್ದು ಕೋಣೆಗೆ ಬಂದು, “ಆ ಕೈ ಹೇಗೆ ಹೋಗುತ್ತದೆಯೋ ನೋಡುತ್ತೇನೆ, ಜರುಗು” ಎಂದು ಮಗನನ್ನು ಎಬ್ಬಿಸಿ ಕುರ್ಚಿಯಲ್ಲಿ ಕುಳಿತರು. ತೆರೆಯ ಮೇಲೆ ತೂರಿನಿಯ ಹಿಮ. ಕನ್ನಡಕ ಸರಿಪಡಿಸಿಕೊಂಡು, “ಇದರಲ್ಲಿ ಬ್ರೇಕು ಯಾವುದೋ?” ಎಂದು ಕೇಳಿದರು.

“ನಡುವಿನ ಪೆಡಲು ಅಪ್ಪ” ಎಂದ ಹುಡುಗ. “ಪಕ್ಕದ್ದನ್ನು ಈಗಲೇ ಮುಟ್ಟಬೇಡ.”